ಸದ್ದು ಮಾಡದ ಕಾಯಿಗೊಂದು ಹೆಸರು

ಹೋದ ವಾರ ತಿಪಟೂರಿನ ಎಲೆಕ್ಟ್ರಿಕಲ್ ಅಂಗಡಿಗೆ ಬಲ್ಬು ತರಲು ಹೋಗಿದ್ದೆ. ಅಂಗಡಿಯವನು ಡಬ್ಬಿಯಿಂದ ತೆಗೆದು ಕೈಗೆ ಕೊಟ್ಟದ್ದೇ ತಡ, ಅದನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಅಲ್ಲಾಡಿಸಿದೆ. ಅವನು ನಗಲೂ ಇಲ್ಲ, ಬೆಚ್ಚಲೂ ಇಲ್ಲ. "ಆಗೈತೆ ಸಾ, ತಗಂಡೋಗಿ" ಅಂದ.

ನಮ್ಮ ಕಡೆಯವರ ಕೈಗೆ ಗುಂಡಗಿರುವ ವಸ್ತು ಏನೇ ಸಿಗಲಿ, ಅದು ಮೊದಲು ಕಿವಿಗೆ ಹೋಗುತ್ತದೆ. ಇದು ರೋಗವಲ್ಲ, ಕಸುಬಿನಿಂದ ಬಂದ ಅಭ್ಯಾಸ. ಮೈಸೂರಿನಲ್ಲಿ ನನ್ನ ಷಡ್ಡಕರ ಮನೆಯ ಊಟದ ಮೇಜಿನ ಮೇಲೆ ಅಲಂಕಾರಕ್ಕೆಂದು ಇಟ್ಟಿದ್ದ ಗಾಜಿನ ಸೇಬನ್ನು ನಾನು ಹೀಗೇ ಅಲ್ಲಾಡಿಸಿ, "ಇನ್ನೂ ಆಗಿಲ್ಲ" ಎಂದು ವಾಪಸ್ ಇಟ್ಟೆನಂತೆ. ನನಗೆ ನೆನಪಿಲ್ಲ. ನನ್ನ ಹೆಂಡತಿ ಮಂಗಳಾಗೆ ನೆನಪಿದೆ. ನಾನು ಮರೆಯಬೇಕೆಂದುಕೊಂಡದ್ದೆಲ್ಲ ಅವಳಿಗೆ ಚೆನ್ನಾಗಿ ನೆನಪಿರುತ್ತದೆ.

ತೆಂಗಿನ ಸೀಮೆಯ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ವಿವರಿಸುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಮ್ಮಲ್ಲಿ ಬಲಿತ ಕಾಯಿಗಳನ್ನು ಮಟ್ಟೆಸಮೇತ, ಅಂದರೆ ಮೇಲಿನ ನಾರಿನ ಸಿಪ್ಪೆ ಸುಲಿಯದೆ, ಅಟ್ಟಕ್ಕೆ ಹಾಕಿ ಹತ್ತಿರ ಹತ್ತಿರ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ತಾನಾಗಿಯೇ ಇಂಗಬೇಕು. ತಿರುಳು ತಾನಾಗಿಯೇ ಒಣಗಿ ಚಿಪ್ಪಿನಿಂದ ಬಿಡಬೇಕು. ಹಾಗೆ ಬಿಟ್ಟರೆ ಉಂಡೆ ಕೊಬ್ಬರಿ. ಆಗಿದೆಯೋ ಇಲ್ಲವೋ ತಿಳಿಯಲು ಕಣ್ಣಿನಿಂದ ಏನೂ ಪ್ರಯೋಜನವಿಲ್ಲ, ಅಲ್ಲಾಡಿಸಬೇಕು. ಗುಳುಗುಳು ಅಂದರೆ ಇನ್ನೂ ನೀರಿದೆ. ಲೊಡಲೊಡ ಅಂದರೆ ಕೊಬ್ಬರಿ ಆಗಿದೆ. ಇವೆರಡರ ನಡುವೆ ಒಂದಷ್ಟು ದಿನ ಕಾಯಿ ಏನೂ ಅನ್ನುವುದಿಲ್ಲ. ನೀರು ಹೋಗಿರುತ್ತದೆ, ಕೊಬ್ಬರಿ ಇನ್ನೂ ಚಿಪ್ಪು ಬಿಟ್ಟಿರುವುದಿಲ್ಲ. ಎಷ್ಟು ಅಲ್ಲಾಡಿಸಿದರೂ ಉಸಿರೆತ್ತುವುದಿಲ್ಲ.

ಏಳೆಂಟು ವರ್ಷದವನಿದ್ದಾಗ ಇಂಥ ಕಾಯಿಯೊಂದರ ಮೇಲೆ ನನಗೆ ಬಹಳ ಅನುಮಾನ ಹುಟ್ಟಿತ್ತು. ಶೆಟ್ಟಿಕೆರೆಯ ನಮ್ಮ ತೋಟದ ಅಟ್ಟ ಏರುವುದೆಂದರೆ ಆಗ ನನಗೆ ಪ್ರಾಣ. ಅಲ್ಲಿ ನಾರಿನ ಧೂಳು, ಇಲಿಯ ವಾಸನೆ, ಹಲಗೆ ಸಂದಿಯಿಂದ ಕೆಳಗಿನ ಎಮ್ಮೆಯ ಬೆನ್ನು ಕಾಣುವ ಸುಖ. ನಮ್ಮಜ್ಜಿ ಕಾಯಿಗಳನ್ನು ಒಂದೊಂದಾಗಿ ಅಲ್ಲಾಡಿಸಿ ಆ ಕಡೆಗೋ ಈ ಕಡೆಗೋ ಹಾಕುತ್ತಿದ್ದಳು. ಮಾತಾಡದ ಕಾಯಿ ಬಂದರೆ ಏನೂ ಹೇಳದೆ ಮತ್ತೆ ರಾಶಿಗೇ ಎಸೆಯುತ್ತಿದ್ದಳು. ಅದರೊಳಗೆ ಏನೋ ಗುಟ್ಟಿದೆ ಎಂದುಕೊಂಡು ನಾನು ಒಂದನ್ನು ಕದ್ದು ಕಲ್ಲಿಗೆ ಹೊಡೆದು ಒಡೆದೆ. ಒಳಗೆ ಏನೂ ಇರಲಿಲ್ಲ, ಕಾಯಿಯೂ ಅಲ್ಲದ ಕೊಬ್ಬರಿಯೂ ಅಲ್ಲದ ರಬ್ಬರಿನಂಥ ತಿರುಳು, ಅಷ್ಟೆ. ಅಜ್ಜಿ ಬೆನ್ನಿಗೆ ಒಂದು ಕೊಟ್ಟು, "ಅದರ ಪಾಡಿಗೆ ಅದು ಆಗ್ತಿತ್ತಲ್ಲೋ, ಯಾಕ್ಲಾ ಒಡೆದೆ?" ಅಂದಳು. ಆ ಏಟಿನಿಂದ ನಾನು ಕಲಿಯಬೇಕಾದದ್ದು ಬಹಳ ಇತ್ತು. ಕಲಿಯಲಿಲ್ಲ. ಬೆಳೆದು ದೊಡ್ಡವನಾಗಿ ತಿಪಟೂರಿನ ಕಾಲೇಜೊಂದರಲ್ಲಿ ಕನ್ನಡ ಮೇಷ್ಟ್ರಾದೆ, ಭಾಷಾವಿಜ್ಞಾನದಲ್ಲಿ ಪಿಎಚ್‌.ಡಿ.ಗೆ ಹೆಸರು ಕೊಟ್ಟೆ. ವಿಷಯ, ತೆಂಗಿನ ಕಸುಬಿನ ಮಾತುಗಳು.

ಹೆಸರು ಕೊಟ್ಟು ಎಷ್ಟು ವರ್ಷವಾಯಿತೆಂದು ಕೇಳಬೇಡಿ. ನನ್ನ ಜೊತೆಯವರೆಲ್ಲ ಡಾಕ್ಟರಾದರು, ಅವರ ಶಿಷ್ಯರೂ ಡಾಕ್ಟರಾದರು. ಸ್ಟಾಫ್ ರೂಮಿನ ಬಾಗಿಲಿಗೆ ಹಾಕಿದ ಹೆಸರುಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ಮಾತ್ರ 'ಶ್ರೀ' ಇತ್ತು. ಆಗ, ಮುಂದಿನ ವರ್ಷ ಮೇ ತಿಂಗಳ ಕೊನೆಗೆ ನನ್ನ ನಿವೃತ್ತಿ. ಬೀಳ್ಕೊಡುಗೆಯ ಕಾರ್ಡಿನಲ್ಲಾದರೂ ನನ್ನ ಹೆಸರಿನ ಮುಂದೆ 'ಡಾ.' ಇರಬೇಕು ಎಂಬುದು ನನ್ನ ಆಸೆ. ಸಣ್ಣತನ ಅಂದುಕೊಳ್ಳಿ ಬೇಕಾದರೆ, ನಾನು ಒಪ್ಪಿಕೊಳ್ಳುತ್ತೇನೆ. ಆದರೆ ಆಸೆ ಮಾತ್ರ ಬಲವಾಗಿಯೇ ಇತ್ತು.

ಅದಕ್ಕೆ ಅಡ್ಡ ನಿಂತವರು ನನ್ನ ಗೈಡು ಚಂದ್ರಮೌಳಿ. ಅವರು ಒಂದು ಕಾಲಕ್ಕೆ ನನ್ನ ವಿದ್ಯಾರ್ಥಿ. ವ್ಯಾಕರಣದಲ್ಲಿ ನಾನೇ ಅವರನ್ನು ಒಮ್ಮೆ ಫೇಲು ಮಾಡಿದ್ದೆ. ಈಗ ನಾನು ಅವರಿಗೆ ಸಾರ್ ಅನ್ನಬೇಕು, ಅವರು ಹಳೆಯ ಅಭ್ಯಾಸದಲ್ಲಿ ನನಗೆ ಸಾರ್ ಅನ್ನುತ್ತಾರೆ. ನಾವಿಬ್ಬರೂ ಮಾತಾಡುವುದನ್ನು ಹೊರಗೆ ನಿಂತು ಕೇಳಿದವರಿಗೆ ಒಳಗೆ ಯಾರು ಯಾರನ್ನು ಬಯ್ಯುತ್ತಿದ್ದಾರೆ ಎಂದು ತಿಳಿಯುವುದಿಲ್ಲ.

ನನ್ನ ಪ್ರಬಂಧದ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಕೋಷ್ಟಕ. ಎಡಕ್ಕೆ ಕಾಯಿಯ ಸ್ಥಿತಿ, ಬಲಕ್ಕೆ ಅದರ ಹೆಸರು. ಹೀಚಿನಿಂದ ಹಿಡಿದು ಕೊಬ್ಬರಿಯವರೆಗೆ ಎಲ್ಲ ಮನೆಗಳೂ ತುಂಬಿದ್ದವು. ಸದ್ದು ಮಾಡದ ಕಾಯಿಯ ಮನೆ ಮಾತ್ರ ಖಾಲಿ.

"ಇದನ್ನು ತುಂಬಿಸಿ ಸಾರ್, ಸಹಿ ಮಾಡ್ತೀನಿ" ಅಂದರು ಚಂದ್ರಮೌಳಿ.

"ಹೆಸರೇ ಇಲ್ಲ ಸಾರ್."

"ಹೆಸರಿಲ್ಲದ ಸ್ಥಿತಿ ಇರೋಕೆ ಸಾಧ್ಯವೇ ಇಲ್ಲ ಸಾರ್. ನೀವೇ ಪಾಠ ಮಾಡಿದ್ರಿ."

ನಾನೇ ಮಾಡಿದ್ದೆನಂತೆ! ಮೂವತ್ತು ವರ್ಷ ಬಾಯಿಗೆ ಬಂದದ್ದು ಪಾಠ ಮಾಡಿದರೆ ಇದೇ ಗತಿ.

ಹುಡುಕಿಲ್ಲವೆಂದಲ್ಲ. ಸಂಪಿಗೆ ಊರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡಿ ಕೂದಲು ಬೆಳ್ಳಗಾದ ಯಜಮಾನರೊಬ್ಬರನ್ನು ಕೇಳಿದೆ. "ಅದು ಇನ್ನೂ ಆಗಿಲ್ಲ ಕಣಪ್ಪ" ಅಂದರು. "ಅದೇ, ಆಗದೆ ಇರೋದಕ್ಕೆ ಏನಂತೀರಿ?" ಅಂದೆ. "ಆಗಿಲ್ಲ ಅಂತೀವಿ." "ಹೆಸರು?" ಅಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ನಾಳೆ ಆಗೋ ಕಾಯಿಗೆ ಇವತ್ತು ಯಾಕಪ್ಪ ಹೆಸರು? ನಾಮಕರಣ ಏನಾದ್ರೂ ಮಾಡ್ತೀಯಾ?" ಅಂದರು. ಅಲ್ಲಿಂದ ಎದ್ದು ಬಂದೆ.

ಕೊನೆಗೆ ಉಳಿದದ್ದು ನಮ್ಮ ಬಳಗ. ಕನ್ನಡ ನಾಡಿನ ಭಾಷಾವಿಜ್ಞಾನಿಗಳು ಪರಸ್ಪರ ಸಂಶೋಧನೆಗೆ ನೆರವಾಗಲೆಂದು ಮಾಡಿಕೊಂಡ ವಾಟ್ಸಾಪ್ ಗುಂಪು. ಐವತ್ತು ಅರವತ್ತು ಜನ ಇದ್ದೇವೆ. ಬೆಳಗ್ಗೆ ಗುಲಾಬಿ ಹೂವಿನ ಚಿತ್ರ ಬಂದರೆ ಅರ್ಧ ಗಂಟೆಯಲ್ಲಿ ಮೂವತ್ತು ಜನ ಕೈ ಮುಗಿಯುತ್ತಾರೆ. ಯಾರಾದರೂ ಒಂದು ಪ್ರಶ್ನೆ ಕೇಳಿದರೋ, ಅರವತ್ತೂ ಜನ ಒಟ್ಟಿಗೆ ಮಾಯ. ಆದರೂ ಪ್ರಶ್ನೆಗಳು ಬರುತ್ತಲೇ ಇರುತ್ತವೆ. 'ನಿಮ್ಮ ಕಡೆ ಕೋಳಿಯನ್ನು ಹೇಗೆ ಕರೆಯುತ್ತೀರಿ?' 'ನಿಮ್ಮಲ್ಲಿ ಮಗು ಬಿದ್ದಾಗ ನೆಲಕ್ಕೆ ಬಯ್ಯುತ್ತೀರಾ, ಮಗುವಿಗೆ ಬಯ್ಯುತ್ತೀರಾ?' ಇಂಥವು.

ನಾನು ಮಾತ್ರ ಯಾರು ಕೇಳಿದರೂ ಸಹಾಯ ಮಾಡುವ ಪೈಕಿ, ಸುಮ್ಮನೆ ಕೊಚ್ಚಿಕೊಳ್ಳುತ್ತಿಲ್ಲ. ಒಮ್ಮೆ ಒಬ್ಬರಿಗೆ ನಮ್ಮ ಸೀಮೆಯ ಬೈಗುಳಗಳು ಬೇಕಾಗಿದ್ದವು. ಅರಳಗುಪ್ಪೆಗೆ ಹೋಗಿ ಜಗಲಿಯ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ನಾವು ಬಯ್ಯೋ ಜನ ಅಲ್ಲ ಕಣಪ್ಪ, ದೇವಸ್ಥಾನದ ಊರು ಇದು" ಅಂದರು. ನಾನು ಬಿಡಲಿಲ್ಲ. ಕೋಪ ಬಂದಾಗ ಏನಂತೀರಿ, ಎಮ್ಮೆ ಹೊಲಕ್ಕೆ ನುಗ್ಗಿದರೆ ಏನಂತೀರಿ, ತಮ್ಮ ಪಾಲು ಕೇಳಿದರೆ ಏನಂತೀರಿ ಎಂದು ಒಂದು ಗಂಟೆ ಅವರ ಪ್ರಾಣ ತಿಂದೆ. ಕೊನೆಗೆ ಅವರಿಗೆ ನಿಜವಾಗಿಯೇ ಕೋಪ ಬಂತು. ಎದ್ದು ನಿಂತು ನನ್ನ ವಂಶವನ್ನೆಲ್ಲ ಜಾಲಾಡಿದರು. ನಾನು ಪುಸ್ತಕ ತೆಗೆದು, "ಒಸಿ ನಿಧಾನ ಯಜಮಾನ್ರೇ, ಮೂರನೇದು ಇನ್ನೊಂದ್ಸಲ ಹೇಳಿ" ಅಂದೆ. ಆಮೇಲೆ ಅವರು ಹೇಳಿದ್ದು ಯಾವ ಪ್ರಬಂಧಕ್ಕೂ ಸೇರಿಸುವಂಥದ್ದಾಗಿರಲಿಲ್ಲ.

ಇಷ್ಟು ಸೇವೆ ಮಾಡಿದವನು ಎಂಬ ಧೈರ್ಯದಿಂದ ನನ್ನ ಪ್ರಶ್ನೆಯನ್ನು ಗುಂಪಿಗೆ ಹಾಕಿದೆ. 'ನೀರು ಇಂಗಿ ಕೊಬ್ಬರಿ ಬಿಡದ, ಅಲ್ಲಾಡಿಸಿದರೆ ಸದ್ದು ಮಾಡದ ತೆಂಗಿನಕಾಯಿಗೆ ನಿಮ್ಮ ಕಡೆ ಏನೆನ್ನುತ್ತಾರೆ? ತಮ್ಮ ನೆರವನ್ನು ಪ್ರಬಂಧದಲ್ಲಿ ಸ್ಮರಿಸಲಾಗುವುದು.' ಒಬ್ಬರು ಕೈ ಮುಗಿದರು. ಒಬ್ಬರು 'ಉಪಯುಕ್ತ ಪ್ರಶ್ನೆ' ಅಂದರು. ಇನ್ನೊಬ್ಬರು ಪೂರ್ತಿ ಓದದೆ 'ಪಿಎಚ್‌.ಡಿ. ಪಡೆದ ತಮಗೆ ಅಭಿನಂದನೆಗಳು' ಎಂದು ಹಾಕಿದರು, ಅದರ ಕೆಳಗೆ ಇಪ್ಪತ್ತು ಜನ ಅಭಿನಂದಿಸಿದರು. ನಿಜವಾಗಿ ಉತ್ತರ ಕೊಟ್ಟವರು ಧಾರವಾಡದ ಕಡೆಯ ವಸುಂಧರಾ ಮೇಡಂ ಒಬ್ಬರೇ. 'ನಮ್ಮಲ್ಲಿ ತೆಂಗು ಕಡಿಮೆ ಸರ್, ಗೊತ್ತಿಲ್ಲ, ಕ್ಷಮಿಸಿ' ಎಂದು ಬರೆದಿದ್ದರು.

ಇದನ್ನು ಮಂಗಳಾಗೆ ಹೇಳಿದ್ದು ನನ್ನ ತಪ್ಪು.

"ಪಾಪ, ಅಷ್ಟು ದೂರದಿಂದ ಉತ್ತರ ಕೊಟ್ಟವ್ರೆ. ಬರಿಗೈಲಿ ಕಳಿಸ್ತೀರಾ?" ಅಂದಳು.

"ಫೋನಲ್ಲಿ ಕೊಟ್ಟಿದ್ದು ಕಣೇ."

"ಫೋನಲ್ಲಾದ್ರೆ ಏನ್ರೀ, ಬಾಯಿಲ್ವಾ ಅವ್ರಿಗೆ?"

ನಮ್ಮ ಸೀಮೆಯಲ್ಲಿ ಮೀಟರ್ ನೋಡಲು ಬಂದವರನ್ನೂ ಎರಡು ಕಾಯಿ ಕೊಡದೆ ಕಳಿಸುವುದಿಲ್ಲ. ಮಂಗಳಾ ಆರಿಸಿ ಆರಿಸಿ ಹತ್ತು ಉಂಡೆ ಕೊಬ್ಬರಿ ಕಟ್ಟಿ ಬಸ್ಸಿನ ಪಾರ್ಸೆಲ್ಲಿಗೆ ಹಾಕಿಸಿದಳು. ನಾಲ್ಕು ದಿನಕ್ಕೆ ವಸುಂಧರಾ ಮೇಡಂ ಆ ಕೊಬ್ಬರಿಯನ್ನು ತಟ್ಟೆಯಲ್ಲಿ ಜೋಡಿಸಿ ಫೋಟೋ ತೆಗೆದು ಗುಂಪಿಗೆ ಹಾಕಿದರು. 'ಗೊತ್ತಿಲ್ಲ ಎಂದಿದ್ದಕ್ಕೇ ಇಷ್ಟು ಪ್ರೀತಿ' ಎಂದು ಕೆಳಗೆ ಬರೆದರು.

ಅಲ್ಲಿಗೆ ಕನ್ನಡ ಭಾಷಾವಿಜ್ಞಾನಕ್ಕೆ ಜೀವ ಬಂತು. ವರ್ಷಗಟ್ಟಲೆ ತುಟಿ ಬಿಚ್ಚದವರೆಲ್ಲ ಮಾತಾಡತೊಡಗಿದರು. ಒಬ್ಬರು ತಮ್ಮ ಕಡೆ ಇದಕ್ಕೆ 'ಮೌನಗಾಯಿ' ಎನ್ನುತ್ತಾರೆಂದರು. ಒಬ್ಬರು 'ನಿದ್ದೆಗಾಯಿ' ಎಂದರು, ಕೆಳಗೆ ಮನೆಯ ವಿಳಾಸ, ಪಿನ್‌ಕೋಡ್ ಸಮೇತ. ಕರಾವಳಿಯ ಒಬ್ಬರು ತಮ್ಮಲ್ಲಿ ಏಳು ಹೆಸರುಗಳಿವೆ, ವಾರಕ್ಕೊಂದರಂತೆ ಕಳಿಸುತ್ತೇನೆ ಎಂದರು. ತೆಂಗಿನ ಮರವನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿರುವ ಊರಿನವರೊಬ್ಬರು 'ಅತ್ತೆ ಮನೆಗೆ ಬಂದ ಹೊಸ ಸೊಸೆಗಾಯಿ' ಎಂಬ ಆರು ಮಾರುದ್ದದ ಪದವನ್ನು ಕಳಿಸಿ, ತಮ್ಮ ಮನೆಯಲ್ಲಿ ಹೋಳಿಗೆ ಮಾಡುವ ದಿನವನ್ನೂ ತಿಳಿಸಿದರು. ಎಲ್ಲರಿಗೂ ಪಾರ್ಸೆಲ್ ಹೋಯಿತು. ಅಟ್ಟ ಖಾಲಿಯಾಗುತ್ತ ಬಂತು. ನನಗೆ ಒಂದು ಕ್ಷಣವೂ ಅನುಮಾನ ಬರಲಿಲ್ಲ. ಇಷ್ಟು ವರ್ಷ ಉತ್ತರವೇ ಸಿಗದವನಿಗೆ ಉತ್ತರ ಸಿಕ್ಕಾಗ ಬುದ್ಧಿ ಎಲ್ಲಿ ಕೆಲಸ ಮಾಡುತ್ತದೆ ಹೇಳಿ.

ಇವುಗಳಲ್ಲಿ ಚಂದ್ರಮೌಳಿಯವರ ಮನಸ್ಸಿಗೆ ಹಿಡಿದದ್ದು ಒಂದೇ. ಚಿತ್ರದುರ್ಗದ ಕಡೆಯ ಮೇಷ್ಟ್ರು ನಂಜುಂಡಸ್ವಾಮಿ ಕಳಿಸಿದ ಒಂದು ಪುಟ್ಟ ಪದ, 'ಗುಮ್ಳಿ'. ಅದರ ಮುಂದೆ ವಿವರಣೆ ಇರಲಿಲ್ಲ, ವಿಳಾಸವೂ ಇರಲಿಲ್ಲ; ನಾನೇ ಕೇಳಿ ತಿಳಿದುಕೊಂಡು ಪಾರ್ಸೆಲ್ ಕಳಿಸಿದ್ದೆ. ಚಂದ್ರಮೌಳಿ ಕನ್ನಡಕ ತೆಗೆದು ಕಣ್ಣು ಮುಚ್ಚಿ ನಾಲ್ಕು ಸಲ ಅದನ್ನು ಉಚ್ಚರಿಸಿದರು. "ಸಾರ್, ಇದು ಬಹಳ ಹಳೇದು. ಇದರಲ್ಲಿ ಮೂಲದ್ರಾವಿಡದ ವಾಸನೆ ಬರ್ತಿದೆ. ನಿಮ್ಮ ಸೀಮೆಯಲ್ಲೂ ಇದ್ದೇ ಇರುತ್ತೆ, ಸರಿಯಾಗಿ ಕೇಳಿ ನೋಡಿ."

ಸರಿಯಾಗಿ ಕೇಳುವುದು ಎಂದರೇನು ಎಂದು ನನಗೆ ಗೊತ್ತಿತ್ತು. ಉತ್ತರವನ್ನು ಪ್ರಶ್ನೆಯೊಳಗೆ ಇಡಬಾರದು, ಇದು ನಮ್ಮ ಶಾಸ್ತ್ರದ ಮೊದಲ ಪಾಠ. ಅದನ್ನೇ ಮಕ್ಕಳಿಗೆ ಹೇಳಿಕೊಟ್ಟವನು ನಾನು. ಯುಗಾದಿ ಕಳೆದ ವಾರ ಶೆಟ್ಟಿಕೆರೆಗೆ ಹೋದೆ. ಅಟ್ಟದ ಕೆಳಗೆ ಗೌರಮ್ಮ ಚಿಪ್ಪು ಕೆತ್ತುತ್ತ ಕೂತಿದ್ದಳು. ಅವಳಿಗೆ ನನ್ನಷ್ಟೇ ವಯಸ್ಸು. ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ನಮ್ಮ ಅಟ್ಟದ ಕೆಲಸ ಅವಳದ್ದೇ. ಕೊಬ್ಬರಿಗೆ ಒಂದು ಗೀರೂ ತಾಗದಂತೆ ಚಿಪ್ಪು ಬಿಡಿಸುವ ಕೈ ಅದು. ನಾನು ಸದ್ದಿಲ್ಲದ ಕಾಯಿಯೊಂದನ್ನು ಎತ್ತಿ ಹಿಡಿದು, "ಗೌರಮ್ಮ, ಇದಕ್ಕೆ ನೀವು ಗುಮ್ಳಿ ಅಂತೀರಾ?" ಎಂದು ಕೇಳಿಬಿಟ್ಟೆ.

ಅವಳು ಕಾಯಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಬಿಸಿಲಲ್ಲಿ ಬಂದಿದ್ದೇನೆ, ಬೆವರು ಇಳಿಯುತ್ತಿದೆ. ಇಲ್ಲ ಅಂದರೆ ಮನುಷ್ಯನಿಗೆ ಬೇಜಾರಾಗುತ್ತದೆ. ನಮ್ಮ ಸೀಮೆಯವರು ಯಾರಿಗೂ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನುವವರಲ್ಲ.

"ಊಂ ಮೇಷ್ಟ್ರೇ, ಅಂತೀವಿ" ಅಂದಳು.

ನಾನು ಪುಸ್ತಕದಲ್ಲಿ ಬರೆದುಕೊಂಡೆ. ಕೋಷ್ಟಕ ತುಂಬಿತು. ಚಂದ್ರಮೌಳಿಯವರ ಉತ್ಸಾಹ ಎಷ್ಟಾಯಿತೆಂದರೆ ಆ ಒಂದು ಪದದ ಸುತ್ತ ನನ್ನಿಂದ ಇಡೀ ನಾಲ್ಕನೆಯ ಅಧ್ಯಾಯವನ್ನು ಮತ್ತೆ ಬರೆಸಿದರು. ತಾವೂ ಯಾವುದೋ ವಿಚಾರಸಂಕಿರಣದಲ್ಲಿ ಅದರ ಬೇರನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗಿ ಚಪ್ಪಾಳೆ ಗಿಟ್ಟಿಸಿ ಬಂದರು. ದೀಪಾವಳಿ ಹೊತ್ತಿಗೆ ಪ್ರಬಂಧ ಸಿದ್ಧ. ಇನ್ನು ಸಹಿಯೊಂದೇ ಬಾಕಿ. ನಾನು ಹಾಳೆಯ ಮೇಲೆ ನನ್ನ ಹೆಸರಿನ ಮುಂದೆ 'ಡಾ.' ಹಾಕಿ ಹಾಕಿ ನೋಡಿಕೊಳ್ಳುವುದನ್ನು ಮಂಗಳಾ ಎರಡು ಸಲ ಕಂಡು ಕಾಣದ ಹಾಗೆ ಹೋದಳು.

ಕಾರ್ತಿಕದಲ್ಲಿ ಒಂದು ಮಧ್ಯಾಹ್ನ ನಂಜುಂಡಸ್ವಾಮಿಯ ಫೋನು ಬಂತು. ಧ್ವನಿ ಒಡೆದಿತ್ತು.

"ಸಾರ್, ಗುಮ್ಳಿ ಹೋಗಿಬಿಟ್ಟಳು."

ಭಾಷಾವಿಜ್ಞಾನಿಯ ಬುದ್ಧಿ ನೋಡಿ. "ಹೋಯ್ತೇ? ಎಲ್ಲಿಂದ, ಬಳಕೆಯಿಂದಲೇ?" ಎಂದು ಕೇಳಿದೆ.

"ಮನೆಯಿಂದ ಸಾರ್. ವಯಸ್ಸಾಗಿತ್ತು. ಹದಿನಾಲ್ಕು ವರ್ಷ ಸಾಕಿದ್ವಿ."

"ಯಾರನ್ನು?"

"ನಮ್ಮ ಬೆಕ್ಕು ಸಾರ್."

ನಾನು ಕುರ್ಚಿಯ ಮೇಲೆ ಕೂತೆ. ಅತ್ತು ಅತ್ತು ಅವರು ಹೇಳಿದ ಕತೆ ಇಷ್ಟು. ಅವರ ಮನೆಯ ಬೆಕ್ಕು ಹುಟ್ಟಿದಾಗಿನಿಂದ ಒಂದು ಸಲವೂ ಮ್ಯಾವ್ ಅಂದದ್ದಿಲ್ಲ. ಅದಕ್ಕೆ ಮಕ್ಕಳು ಗುಮ್ಳಿ ಎಂದು ಹೆಸರಿಟ್ಟಿದ್ದರು. ನನ್ನ ಪ್ರಶ್ನೆ ಓದಿದಾಗ ಅದು ಅವರ ತೊಡೆಯ ಮೇಲೆ ಮಲಗಿತ್ತಂತೆ. "ಎಲ್ಲರೂ ಒಂದೊಂದು ಕಳಿಸ್ತಿದ್ರು ಸಾರ್, ನಾನೊಬ್ಬನೇ ಸುಮ್ಮನಿದ್ರೆ ನಿಮಗೆ ಬೇಜಾರಾಗುತ್ತೆ ಅಂತ. ಕೊಬ್ಬರಿಗೋಸ್ಕರ ಅಲ್ಲ ಸಾರ್, ದೇವರಾಣೆ. ಆದರೆ ಕೊಬ್ಬರಿ ಬಹಳ ಚೆನ್ನಾಗಿತ್ತು. ಇವತ್ತು ಅವಳನ್ನ ಮಣ್ಣು ಮಾಡಿ ಬಂದಾಗ ಮನಸ್ಸು ತಡೀಲಿಲ್ಲ. ಸುಳ್ಳು ಹೇಳಿದೆ, ಕ್ಷಮಿಸಿಬಿಡಿ."

ಬೆಕ್ಕು ಕಳೆದುಕೊಂಡವರಿಗೆ ಬಯ್ಯುವುದು ಹೇಗೆ? "ಸಮಾಧಾನ ಮಾಡ್ಕೊಳ್ಳಿ" ಅಂದೆ. ನನ್ನನ್ನು ಸಮಾಧಾನ ಮಾಡುವವರು ಯಾರೂ ಇರಲಿಲ್ಲ. ಮಂಗಳಾಗೆ ಹೇಳಿದರೆ, "ಅಯ್ಯೋ ಪಾಪ, ಸಾವಿನ ಮನೆಗೆ ಈಗ ಕೊಬ್ಬರಿ ಕಳಿಸೋ ಹಂಗೂ ಇಲ್ವಲ್ರೀ" ಅಂದಳು.

ಎರಡು ದಿನ ಅನ್ನ ಸೇರಲಿಲ್ಲ. ಸುಮ್ಮನಿದ್ದುಬಿಡಬಹುದಿತ್ತು, ಬೆಕ್ಕೇನು ಬಂದು ಸಾಕ್ಷಿ ಹೇಳುತ್ತಿರಲಿಲ್ಲ. ಆದರೆ ಇಷ್ಟು ವರ್ಷ ಕಾದು ಒಂದು ಸುಳ್ಳಿನ ಮೇಲೆ ಡಾಕ್ಟರಾಗಲು ಮನಸ್ಸು ಒಪ್ಪಲಿಲ್ಲ. ಮೂರನೆಯ ದಿನ ಚಂದ್ರಮೌಳಿಯವರ ಮುಂದೆ ಹೋಗಿ ನಿಂತೆ.

"ಸಾರ್, ಅದು ಬೆಕ್ಕು."

"ಯಾವುದು ಸಾರ್?"

"ನಾಲ್ಕನೇ ಅಧ್ಯಾಯ."

ಎಲ್ಲವನ್ನೂ ಹೇಳಿದೆ. ಬೆಕ್ಕಿನಿಂದ ಬಂದ ಪದವನ್ನು ನಾನೇ ಗೌರಮ್ಮನ ಬಾಯಿಗೆ ಇಟ್ಟು ಊಂ ಅನ್ನಿಸಿಕೊಂಡು ಬಂದೆ ಎಂಬುದನ್ನೂ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಅವರೂ ಅದರ ಮೇಲೆ ಭಾಷಣ ಮಾಡಿ ಕೂತಿದ್ದರಲ್ಲ. ಮೇಜಿನ ಮೇಲಿದ್ದ ಪೇಪರ್‌ವೇಟನ್ನು ಎರಡು ಸುತ್ತು ತಿರುಗಿಸಿದರು. ಆಮೇಲೆ, "ನಡೀರಿ ಸಾರ್, ನಾನೇ ಬಂದು ಕೇಳ್ತೀನಿ. ಅಲ್ಲಿ ಏನು ಕೇಳಿಸುತ್ತೋ ಅದೇ ಕೊನೆ. ಬೆಕ್ಕು ಅಂತಾದ್ರೆ ಅಧ್ಯಾಯ ತೆಗೆದುಹಾಕಿ ಮತ್ತೆ ಬರೆಯೋಣ" ಅಂದರು. ಮತ್ತೆ ಬರೆದರೆ ಮೇ ತಿಂಗಳು ದಾಟುವುದು ಖಂಡಿತ. ನಾನು 'ಶ್ರೀ'ಯಾಗಿಯೇ ಮನೆಗೆ ಹೋಗಲು ಮನಸ್ಸನ್ನು ಸಿದ್ಧಮಾಡಿಕೊಂಡು ಅವರ ಜೊತೆ ಶೆಟ್ಟಿಕೆರೆಯ ಬಸ್ಸು ಹತ್ತಿದೆ.

ತೋಟದ ಗೇಟು ದಾಟುವ ಮೊದಲೇ ಒಳಗಿನಿಂದ ಗೌರಮ್ಮನ ಕೂಗು ಕೇಳಿಸಿತು. "ಲೇ, ಆ ಗುಮ್ಳಿನ ಯಾಕೆ ಈ ಕಡೆ ಹಾಕಿದ್ದೀಯೇ? ಆ ಕಡೆ ಎಸೀ ಅದ್ನ!"

ಚಂದ್ರಮೌಳಿ ನನ್ನ ತೋಳು ಹಿಡಿದುಕೊಂಡರು.

ಒಳಗೆ ಐದಾರು ಜನ ಹೆಂಗಸರು ಕಾಯಿ ವಿಂಗಡಿಸುತ್ತಿದ್ದರು. ನಾವು ಚಾಪೆಯ ಮೇಲೆ ಕೂರುವಷ್ಟರಲ್ಲಿ ಆ ಮಾತು ಇನ್ನೂ ಮೂರು ಸಲ ಬಂತು. ಅದರಲ್ಲಿ ಒಂದು ಸಲ ಬಂದದ್ದು ಕಾಯಿಗಲ್ಲ, ಯಾರದೋ ಮನೆಯ ಅಳಿಯನಿಗೆ. "ಒಳ್ಳೇನೆ, ಆದರೆ ಗುಮ್ಳಿ ಕಣಮ್ಮ, ನಾಕು ಮಾತು ಆಡಲ್ಲ" ಎಂದು ಒಬ್ಬಾಕೆ ಹೇಳುತ್ತಿದ್ದಳು.

ಚಂದ್ರಮೌಳಿ ಪ್ರಶ್ನೆಯೊಳಗೆ ಉತ್ತರ ಇಡುವವರಲ್ಲ. "ಈ ಮಾತು ಎಷ್ಟು ದಿನದಿಂದ ಆಡ್ತೀರಮ್ಮಾ?" ಎಂದು ಕೇಳಿದರು.

"ನಮ್ಮಜ್ಜಿ ಕಾಲದಿಂದ ಸಾ" ಅಂದಳು ಗೌರಮ್ಮ.

ನನಗೆ ತಡೆಯಲಾಗಲಿಲ್ಲ. "ಗೌರಮ್ಮ, ನಿಜ ಹೇಳು. ಈ ಯುಗಾದಿ ಆದ್ಮೇಲೆ ನಾನೇ ಬಂದು ನಿನಗೆ ಹೇಳಿದ್ದು. ಇದೇ ಜಾಗದಲ್ಲಿ. ನೀನು ಊಂ ಅಂದೆ."

"ನೀವು ಹೇಳ್ಲಿಲ್ಲ ಮೇಷ್ಟ್ರೇ, ನೀವು ಕೇಳಿದ್ರಿ. ಗುಮ್ಳಿ ಅಂತೀರಾ ಅಂದ್ರಿ. ಊಂ ಅಂದೆ. ಅಂತಿದ್ವಿ, ಅದಕ್ಕೆ ಊಂ ಅಂದೆ."

ಪಕ್ಕದಲ್ಲಿದ್ದ ಇನ್ನೊಬ್ಬಾಕೆ, "ನಮ್ಮತ್ತೆ ನನ್ನ ಬಯ್ತಿದ್ದಿದ್ದೇ ಗುಮ್ಳಿ ಅಂತ. ಸತ್ತು ಹತ್ತೊರ್ಸ ಆಯ್ತು" ಅಂದಳು.

"ಇಲ್ರಮ್ಮಾ, ಅದು ಚಿತ್ರದುರ್ಗದ ಕಡೆಯವರ ಮನೆ ಬೆಕ್ಕಿನ ಹೆಸರು!" ಅಂದೆ.

ಅಟ್ಟದ ಕೆಳಗೆ ನಗುವೋ ನಗು. "ನೋಡ್ರೇ, ನಮ್ಮ ಕಾಯಿ ಹೆಸರ ತಗಂಡೋಗಿ ಬೆಕ್ಕಿಗೆ ಇಟ್ಟವ್ರೆ!" ಎಂದು ಒಬ್ಬಾಕೆ ಸೆರಗು ಬಾಯಿಗೆ ಒತ್ತಿಕೊಂಡಳು. ಚಂದ್ರಮೌಳಿ ಪುಸ್ತಕದಲ್ಲಿ ಸರಸರನೆ ಬರೆದುಕೊಳ್ಳುತ್ತಿದ್ದರು. ಬಗ್ಗಿ ನೋಡಿದೆ. 'ಪದ ಇಲ್ಲಿಂದ ಚಿತ್ರದುರ್ಗದ ಕಡೆಗೆ ವಲಸೆ ಹೋಗಿರುವ ಸಾಧ್ಯತೆ' ಎಂದಿತ್ತು.

ನನಗೆ ರೇಗಿತು. ಜನ್ಮದಲ್ಲಿ ಮೊದಲ ಸಲ ನ್ಯಾಯವಾಗಿ ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ, ಒಬ್ಬರೂ ನಂಬುತ್ತಿಲ್ಲ. "ಗೌರಮ್ಮ, ದೇವರ ಮೇಲೆ ಆಣೆ ಮಾಡಿ ಹೇಳ್ತೀನಿ, ಆ ಮಾತು ನಂದು. ನಾನು ತಂದದ್ದು. ನಿಮ್ಮದಲ್ಲ" ಎಂದು ಕೂಗಿದೆ.

ನಗು ನಿಂತಿತು. ಗೌರಮ್ಮ ಕೈಯಲ್ಲಿದ್ದ ಮಚ್ಚನ್ನು ಕೆಳಗಿಟ್ಟಳು. ನಲವತ್ತು ವರ್ಷದಲ್ಲಿ ಅವಳು ನನಗೆ ಎದುರು ಮಾತಾಡಿದ್ದು ಕಾಣೆ.

"ಮೇಷ್ಟ್ರೇ, ಮರ ನಿಮ್ದು. ಅಟ್ಟ ನಿಮ್ದು. ಕಾಯಿ ನಿಮ್ದು. ಬಾಯಲ್ಲಿರೋ ಒಂದು ಮಾತು ನಮ್ದು ಅಂದ್ರೆ ಅದ್ನೂ ನಂದು ಅಂತೀರಲ್ಲ, ಏನ್ ಹೇಳ್ಬೇಕು ನಿಮ್ಗೆ?"

ನನಗೆ ನಾಚಿಕೆಯೂ ಆಯಿತು, ದುಃಖವೂ ಆಯಿತು. ಅಷ್ಟಾದರೂ ಒಳಗಿನ ಮೇಷ್ಟ್ರು 'ಆದರೂ ಅದು ಬೆಕ್ಕು' ಎಂದು ಗೊಣಗುತ್ತಿದ್ದ. ಹೆಂಗಸರು ಕೆಲಸಕ್ಕೆ ತೊಡಗಿದರು. ನಾವು ಎದ್ದು ಬಂದೆವು.

ಬಸ್‌ಸ್ಟ್ಯಾಂಡಿನಲ್ಲಿ ಚಂದ್ರಮೌಳಿ, "ಸಹಿ ಮಾಡ್ತೀನಿ ಸಾರ್. ನಿಮ್ಮ ಮಾತಿಗೆ ಈ ಊರಲ್ಲಿ ಒಬ್ಬರೂ ಸಾಕ್ಷಿ ಇಲ್ಲ, ಅವರ ಮಾತಿಗೆ ಆರು ಜನ ಇದ್ದಾರೆ" ಅಂದರು. ಬೆಕ್ಕಿನ ವಿಷಯವನ್ನು ಅಡಿಟಿಪ್ಪಣಿಯಲ್ಲಾದರೂ ಹಾಕುತ್ತೇನೆ ಎಂದು ಬೇಡಿಕೊಂಡೆ. "ಪ್ರಬಂಧದಲ್ಲಿ ಬೆಕ್ಕು ಬೇಡ ಸಾರ್" ಅಂದರು.

ಏಪ್ರಿಲ್‌ನಲ್ಲಿ ಡಾಕ್ಟರಾದೆ. ಬೀಳ್ಕೊಡುಗೆಯ ಕಾರ್ಡಿನಲ್ಲಿ 'ಡಾ.' ದಪ್ಪ ಅಕ್ಷರದಲ್ಲಿ ಬಂತು. ಮಂಗಳಾ ಅದನ್ನು ದೇವರ ಮುಂದೆ ಇಟ್ಟಳು. ಅಷ್ಟು ವರ್ಷ ಬಯಸಿದ್ದು ಕೈಗೆ ಬಂದರೂ ನನಗೆ ಅದನ್ನು ನೆಮ್ಮದಿಯಾಗಿ ನೋಡಲಾಗಲಿಲ್ಲ. ನೋಡಿದಾಗಲೆಲ್ಲ ಗೌರಮ್ಮ ಮಚ್ಚು ಕೆಳಗಿಟ್ಟದ್ದು ಕಣ್ಣಿಗೆ ಬರುತ್ತಿತ್ತು. ಒಂದು ಬೆಳಗ್ಗೆ ಬೈಂಡು ಮಾಡಿಸಿದ ಪ್ರಬಂಧವನ್ನು ಚೀಲಕ್ಕೆ ಹಾಕಿಕೊಂಡು ಶೆಟ್ಟಿಕೆರೆಗೆ ಹೋದೆ.

ಗೌರಮ್ಮ ಒಬ್ಬಳೇ ಕೂತಿದ್ದಳು. ಪುಸ್ತಕವನ್ನು ಅವಳ ಮುಂದೆ ಬಿಚ್ಚಿ ಹಿಡಿದೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು, "ಏನ್ ಬರ್ದೈತೆ ಮೇಷ್ಟ್ರೇ?" ಅಂದಳು. ಕೋಷ್ಟಕದ ಮೇಲೆ ಬೆರಳಿಟ್ಟು ಓದಿದೆ. 'ಗುಮ್ಳಿ. ನೀರು ಇಂಗಿ ಕೊಬ್ಬರಿ ಬಿಡದ ಕಾಯಿ. ಹೇಳಿದವರು, ಗೌರಮ್ಮ, ಶೆಟ್ಟಿಕೆರೆ.'

"ನನ್ನ ಹೆಸ್ರು ಎಲ್ಲೈತೆ?"

ತೋರಿಸಿದೆ. ಅಕ್ಷರಗಳನ್ನು ಮುಟ್ಟದೆ, ಸ್ವಲ್ಪ ಮೇಲೆಯೇ ಬೆರಳು ಓಡಿಸಿದಳು. ಎರಡು ಸಲ ಓಡಿಸಿದಳು. ಆಮೇಲೆ ತಲೆ ಎತ್ತಿ, "ಮತ್ತೆ ಆವತ್ತು ಅಷ್ಟು ಜನರ ಮುಂದೆ ನಂದು ಅಂದ್ರಿ?" ಎಂದು ಕೇಳಿದಳು.

ಚಿತ್ರದುರ್ಗ, ಬೆಕ್ಕು, ಯುಗಾದಿ ಎಲ್ಲ ನಾಲಗೆಯ ತುದಿಯವರೆಗೆ ಬಂದವು. ನುಂಗಿಕೊಂಡೆ.

"ತಪ್ಪಾಯ್ತು ಗೌರಮ್ಮ" ಅಂದೆ.

"ಹೋಗ್ಲಿ ಬುಡಿ. ಜಾಸ್ತಿ ಓದಿದೋರ್ಗೆ ಒಂದೊಂದ್ಸಲ ಹಂಗಾಯ್ತದೆ" ಅಂದು, ಮುಂದಿನ ಕಾಯಿ ಎತ್ತಿಕೊಂಡಳು.